ಶಿಳ್ಳೆ ಹಾಕುತ್ತಿದ್ದ ಕೊಳವೆ

ಇರಾನಿನ ಕಾಶಾನ್ ಪಟ್ಟಣದಲ್ಲಿ ಧೂಳು ಹೀರುವ ಯಂತ್ರ ಕೆಟ್ಟರೂ, ರತ್ನಗಂಬಳಿ ತೊಳೆಯುವ ಯಂತ್ರ ಮುನಿಸಿಕೊಂಡರೂ ಜನ ಹೋಗುತ್ತಿದ್ದುದು ಉಸ್ತಾದ್ ಯದುಲ್ಲಾನ ಅಂಗಡಿಗೆ. ಆಸಾಮಿಗೆ ಮೂಗಿನ ತುದಿಯಲ್ಲೇ ಕೋಪ, ಕಿವಿ ಮಾತ್ರ ಬಂಗಾರ. ಒಮ್ಮೆ ಸ್ವಿಚ್ ಒತ್ತಿ ಕೇಳಿದರೆ ಸಾಕು, ಬೆಲ್ಟು ಸಡಿಲವೋ, ಬೇರಿಂಗ್ ಒಣಗಿದೆಯೋ, ಕಣ್ಣು ಮುಚ್ಚಿಯೇ ಹೇಳುತ್ತಿದ್ದ. ಸದ್ದು ಮಾಡುವ ಯಂತ್ರ ತನ್ನ ಹೊಸ್ತಿಲು ದಾಟುವುದಿಲ್ಲ ಎಂಬ ಜಂಭ ಬೇರೆ. ಆ ಜಂಭವೇ ಅವನಿಗೆ ಮುಳುವಾಯಿತು.

ಹೊಸ ವರ್ಷದ ನವ್ರೋಜ್ ಹಬ್ಬಕ್ಕೆ ಊರೆಲ್ಲ ಧೂಳು ಕೊಡವುತ್ತಿದ್ದ ವಾರ. ಹೂಶಂಗ್ ಎಂಬ ಮುದುಕ ಧೂಳು ಹೀರುವ ಯಂತ್ರವೊಂದನ್ನು ತಂದಿಟ್ಟ.

"ಶಿಳ್ಳೆ ಹಾಕ್ತದೆ. ಅದೊಂದು ನಿಲ್ಲಿಸಿಕೊಡಪ್ಪ."

ಯದುಲ್ಲಾ ಸ್ವಿಚ್ ಒತ್ತಿ ಕೇಳಿದ. ಹಿಡಿಕೆಯ ಬಳಿ ಕೊಳವೆ ಬಿರುಕು ಬಿಟ್ಟಿತ್ತು. ನಾಲ್ಕು ಬೆರಳಗಲ ಕತ್ತರಿಸಿ ಎಸೆದು, ಉಳಿದ ತುದಿಗೆ ಹಿಡಿಕೆ ಸಿಕ್ಕಿಸಿದ. ಚಹಾ ಹೀರಲು ಬಾಯಲ್ಲಿಟ್ಟುಕೊಂಡಿದ್ದ ಸಕ್ಕರೆ ಗಟ್ಟಿ ಕರಗುವಷ್ಟರಲ್ಲಿ ಕೆಲಸ ಮುಗಿದಿತ್ತು.

ಮೂರನೆಯ ದಿನ ಮುದುಕನ ಹೆಂಡತಿ ಮಾಹರುಖ್ ಖಾನಂ ಅದೇ ಯಂತ್ರವನ್ನು ಎಳೆದುಕೊಂಡು ಬಂದಳು.

"ಅದು ನನ್ನ ಸಿಯಾವಶನ ಶಿಳ್ಳೆ," ಎಂದಳು. "ಓಣಿ ತುದಿಯಿಂದ್ಲೇ ಹಾಕ್ತಿದ್ದ, ನಾನು ಬಾಗಿಲು ತೆಗೀಲಿ ಅಂತ. ಯುದ್ಧಕ್ಕೆ ಹೋದವನು ತಿರುಗಿ ಬರ್ಲಿಲ್ಲ. ಹೋದ ವರ್ಷದಿಂದ ಇದರೊಳಗಿಂದ ಕರೀತಿದ್ದ. ಗಂಬಳಿ ಮೇಲೆ ಯಂತ್ರ ಬಿಟ್ಟು ಹೋಗಿ ಬಾಗಿಲು ತೆಗೀತಿದ್ದೆ. ನಮ್ಮವರಿಗೆ ಅದನ್ನ ನೋಡೋಕಾಗ್ಲಿಲ್ಲ."

ಯದುಲ್ಲಾ ಕಸದ ಬುಟ್ಟಿ ತಡಕಿದ. ಕತ್ತರಿಸಿದ ತುಂಡನ್ನು ಗುಜರಿಯವನು ಆಗಲೇ ಒಯ್ದು ಕರಗಿಸಿಯಾಗಿತ್ತು.

"ಕೂತ್ಕೊಳ್ಳಿ ಖಾನಂ. ತೂತು ಮಾಡೋದೇನು ಮಹಾ ವಿದ್ಯೆಯೇ?"

ಮಹಾ ವಿದ್ಯೆಯೇ ಆಗಿತ್ತು. ಸೀಳು ಉದ್ದವಾದರೆ ಗೊರಕೆ, ಗಿಡ್ಡವಾದರೆ ಇಲಿಯ ಕೀಚಲು. ವಾರಕ್ಕೊಮ್ಮೆ ಅವಳು ಬಂದು ಮೂಲೆಯಲ್ಲಿ ಕೂರುತ್ತಿದ್ದಳು, ಕೇಳುತ್ತಿದ್ದಳು, "ಇದಲ್ಲ" ಎನ್ನುತ್ತಿದ್ದಳು. ಅವಳು ಹೇಳುವುದೇ ಬೇಕಿರಲಿಲ್ಲ. ಆ ಶಿಳ್ಳೆಯನ್ನು ಅವನೂ ಒಮ್ಮೆ ಕೇಳಿದ್ದನಲ್ಲ. ಬರೀ ದೋಷವೆಂದು ಕೇಳಿದ್ದ. ಈಗ ಅದು ಊಟಕ್ಕೆ ಕೂತರೂ ಕಿವಿಯಲ್ಲಿ, ನಮಾಜಿಗೆ ಬಾಗಿದರೂ ಕಿವಿಯಲ್ಲಿ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. ಅಂದು ಯಂತ್ರ ಮತ್ತೊಂದು ತಪ್ಪು ಸದ್ದು ಮಾಡಿತು. ಮುದುಕಿ ಯಂತ್ರವನ್ನು ನೋಡಲಿಲ್ಲ. ಅವನ ಬೆರಳುಗಳನ್ನೇ ನೋಡುತ್ತಾ ಕೂತಳು.

"ಇದೇ, ಮಗಾ," ಎಂದಳು. "ಇವನೇ."

ಎದ್ದು ಹೊರಟಳು.

"ಖಾನಂ, ಯಂತ್ರ?"

"ಇಲ್ಲೇ ಇರ್ಲಿ."

ಅವಳು ಸುಳ್ಳು ಹೇಳಿದಳೆಂದು ಅವನಿಗೆ ಗೊತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಆ ಕರುಣೆಯನ್ನು ತಡೆಯಲಾಗಲಿಲ್ಲ. ಗಿರಾಕಿಗಳ ಮುಂದೆಯೇ ಅತ್ತ.

ಅಂದಿನಿಂದ ಬಂದವರನ್ನೆಲ್ಲ ಮೊದಲು ಕೇಳುತ್ತಿದ್ದ: "ಈ ಸದ್ದು ಹೋಗ್ಬೇಕೋ, ಇರ್ಬೇಕೋ?" ಉಸ್ತಾದನಿಗೆ ಅರಳುಮರಳು ಎಂದು ಜನ ನಕ್ಕರು.

ಚಳಿಗಾಲದಲ್ಲಿ ಮಾಹರುಖ್ ಖಾನಂ ತೀರಿಕೊಂಡಳು. ಮಣ್ಣು ಮಾಡಿ ಬಂದ ಮಧ್ಯಾಹ್ನ ಯದುಲ್ಲಾ ಅಂಗಡಿಯ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದ. ಶಿಳ್ಳೆ ಕೇಳಿಸಿತು. ಗೊರಕೆಯಲ್ಲ, ಕೀಚಲಲ್ಲ, ಅದೇ. ಯಂತ್ರದ ಕಡೆ ನೋಡಿದ. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಸದ್ದು ಓಣಿಯ ತುದಿಯಿಂದ ಬರುತ್ತಿತ್ತು.

ಬಾಗಿಲು ತೆಗೆಯುವವಳು ಇನ್ನಿಲ್ಲವೆಂದು ಆ ಹುಡುಗನಿಗೆ ಹೇಳುವವರು ಯಾರು? ಯದುಲ್ಲಾ ಎದ್ದು ಹೋಗಿ ಬಾಗಿಲು ತೆಗೆದ.