ಹುಲ್ಲು ತಾನಾಗಿಯೇ ಬೆಳೆಯಬೇಕು

ಡೆಲ್ಮರ್ ಸ್ಟಿಡಮ್ ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ. ಪಾಠ ಕೇಳುತ್ತಿದ್ದನೋ, ಎದುರಿನ ಗುಡ್ಡವನ್ನು ನೋಡುತ್ತಿದ್ದನೋ ಹೇಳುವುದು ಕಷ್ಟವಾಗಿತ್ತು. ಪೂರ್ವ ಕೆಂಟಕಿಯ ನಮ್ಮ ಕಣಿವೆಯಲ್ಲಿ ತಲೆ ಎತ್ತಿದರೆ ಗುಡ್ಡವೇ ಕಾಣುವುದು; ಅವನು ಮಿಕ್ಕವರಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದ, ಅಷ್ಟೆ. ಬೆಳೆದ ಮೇಲೆ ಅದೇ ಗುಡ್ಡದ ನೆತ್ತಿಯನ್ನು ತೆರೆದು ಕಲ್ಲಿದ್ದಲು ತೆಗೆದ. ಅದೇನು ದೊಡ್ಡ ಕಂಪನಿಯಲ್ಲ. ಅವನು, ಅವನ ತಮ್ಮ, ಸಾಲ ತೀರದ ಒಂದು ಬುಲ್ಡೋಜರ್. ಮೊದಲು ತಮ್ಮ ತೀರಿಕೊಂಡ, ಆಮೇಲೆ ಕಲ್ಲಿದ್ದಲು ತೀರಿತು.

ಗಣಿ ಮುಗಿದರೂ ಗಣಿಯವನಿಗೆ ಬಿಡುಗಡೆಯಿಲ್ಲ. ಅಗೆದ ನೆಲವನ್ನು ಮೊದಲಿನಂತೆ ಮಾಡಿಕೊಡುತ್ತೇನೆಂದು ಸರ್ಕಾರಕ್ಕೆ ಭದ್ರತೆ ಕೊಟ್ಟಿರಬೇಕು. ಡೆಲ್ಮರ್ ತನ್ನ ಮನೆಯನ್ನೂ ಜಾಗವನ್ನೂ ಒತ್ತೆಯಿಟ್ಟು ಬ್ಯಾಂಕಿನಿಂದ ಆ ಭದ್ರತೆ ಬರೆಸಿಕೊಟ್ಟಿದ್ದ. ಗುಡ್ಡಕ್ಕೆ ಇಳಿಜಾರು ಕಟ್ಟಿದ, ಮಣ್ಣು ಹಾಸಿದ, ಹುಲ್ಲು ಬಿತ್ತಿದ, ಮಳೆಗೆ ಕೊಚ್ಚಿ ಬರುವ ಹೂಳನ್ನು ತಡೆಯಲು ಗುಡ್ಡದ ಮೇಲೆಯೇ ಆ ಇಳಿಜಾರಿನ ಬುಡದಲ್ಲಿ ಕೊಳ ತೋಡಿದ. ಆಮೇಲೆ ಉಳಿದದ್ದು ಕಾಯುವ ಕೆಲಸ. ಬಿತ್ತಿದ ಹುಲ್ಲು ಐದು ವರ್ಷ ಯಾರ ನೆರವೂ ಇಲ್ಲದೆ ತಾನಾಗಿಯೇ ನಿಲ್ಲಬೇಕು; ಆಗಲೇ ಭದ್ರತೆ ಬಿಡುಗಡೆ. ನಡುವೆ ಯಾರಾದರೂ ಮತ್ತೆ ಬೀಜ ಹಾಕಿದರೆ ಅಂದಿನಿಂದ ಹೊಸದಾಗಿ ಐದು ವರ್ಷ.

ಅವನು ಕಾದ. ಈ ನಡುವೆ ಎದೆಯಲ್ಲಿ ಕಲ್ಲಿದ್ದಲಿನ ಧೂಳು ಕೂತಿತು. ಇನ್ನು ಗುಡ್ಡ ಹತ್ತಕೂಡದೆಂದು ವೈದ್ಯರು ಹೇಳಿದರು. ಹೆಂಡತಿ ಓನಾ ತನ್ನ ಅಕ್ಕನಿರುವ ಇಂಡಿಯಾನಾದ ಬಯಲಿನಲ್ಲಿ ಒಂದು ಮನೆ ನೋಡಿದಳು. ಮೆಟ್ಟಿಲೇ ಇಲ್ಲದ ಮನೆ. ಅದರ ಮಾಲೀಕರು ಬೇಸಿಗೆಯವರೆಗೆ ಕಾಯುತ್ತೇವೆಂದಿದ್ದರು. ಭದ್ರತೆ ಬಿಡುಗಡೆಯಾದರೆ ಇಲ್ಲಿಯದನ್ನು ಮಾರಿ ಅಲ್ಲಿಯದನ್ನು ಕೊಳ್ಳಬಹುದು. ಆಗದಿದ್ದರೆ ಪ್ರತಿ ಮಳೆಗೂ ಕೊಳದ ಕೊಳವೆಯ ಕಸ ತೆಗೆಯಲು ಡೆಲ್ಮರ್‌ನೇ ಗುಡ್ಡ ಹತ್ತಬೇಕು.

ಕೊನೆಯ ತಪಾಸಣೆಗೆ ಗಣಿ ಇಲಾಖೆಯ ಇನ್‌ಸ್ಪೆಕ್ಟರ್ ಜೆನೀವಾ ಸ್ಪರ್ಲಾಕ್ ಬಂದದ್ದು ಮೇ ತಿಂಗಳ ಒಂದು ಶನಿವಾರ. ಪಕ್ಕದ ಕಣಿವೆಯ ಹುಡುಗಿ, ನೇರ ಸ್ವಭಾವದವಳು. ಮರುದಿನ ಸಮಾಧಿಗಳಿಗೆ ಹೂವಿಡುವ ಭಾನುವಾರ. ಹಾಗಾಗಿ ಗಣಿಯ ಅಂಚಿನಲ್ಲಿರುವ ಸ್ಟಿಡಮ್ ಮನೆತನದ ಸ್ಮಶಾನದಲ್ಲಿ ನಾವೆಲ್ಲ ಕಳೆ ಕೀಳುತ್ತಿದ್ದೆವು. ನನ್ನ ಹೆಂಡತಿಯ ಕಡೆಯವರೂ ಅಲ್ಲೇ ಮಲಗಿದ್ದಾರೆ. ಡೆಲ್ಮರ್‌ನ ಅತ್ತೆ, ಅವನ ತಂದೆಯ ತಂಗಿ ವರ್ಲೀ, ಎಂಬತ್ತು ದಾಟಿದ್ದರೂ ಗುದ್ದಲಿಯನ್ನು ಯಾರಿಗೂ ಕೊಡುತ್ತಿರಲಿಲ್ಲ.

ಜೆನೀವಾ ಇಳಿಜಾರನ್ನೆಲ್ಲ ನಡೆದು ನೋಡಿ ಸ್ಮಶಾನದ ಬೇಲಿಯ ಬಳಿ ನಿಂತಳು.

"ಚೆನ್ನಾಗ್ ಬಂದಿದೆ ಡೆಲ್ಮರಣ್ಣ. ಇಲ್ಲೊಂದ್ ಕಡೆ ಬೋಳಾಗಿತ್ತಲ್ಲ, ಅದೂ ತುಂಬ್ಕೊಂಡಿದೆ."

"ಗುಡ್ಡಕ್ಕೂ ನನ್ ಮೇಲೆ ಕನಿಕರ ಬಂತೇನೋ," ಎಂದ ಡೆಲ್ಮರ್.

ಬೇಲಿಯ ಈಚೆಯಿಂದ ವರ್ಲೀ ಸೊಂಟ ನೆಟ್ಟಗೆ ಮಾಡಿಕೊಂಡಳು. "ಗುಡ್ಡದ್ ಕನಿಕರ ಅಲ್ವೋ, ನಂದು! ಹೋದ್ ವರ್ಷ ಹೂವಿಡೋಕ್ ಬಂದಾಗ ನಾನೇ ಒಂದ್ ಮಡಿಲು ಕ್ಲೋವರ್ ಹುಲ್ಲಿನ್ ಬೀಜ ಚೆಲ್ಲಿದ್ದೆ. ನಮ್ಮಮ್ಮನ ಸಮಾಧಿ ಕಾಲ್ದೆಸೆ ಅಷ್ಟ್ ಬೋಳಾಗಿದ್ರೆ ನೋಡೋಕಾಗುತ್ತಾ?"

ನಮ್ಮ ಕಡೆ ಸಮಾಧಿಯ ಸುತ್ತ ಬರಿ ಮಣ್ಣು ಕಂಡರೆ ಹೆಂಗಸರು ಒಂದು ಹಿಡಿ ಬೀಜ ಚೆಲ್ಲದೆ ಹೋಗುವುದಿಲ್ಲ. ಬೇಲಿಯ ಆಚೆಯ ಮಣ್ಣು ಬೇರೆ ಲೆಕ್ಕದ್ದೆಂದು ಆಕೆಗೆ ಯಾರು ಹೇಳಿದ್ದರು?

ಡೆಲ್ಮರ್‌ನ ಮುಖ ಬಿಳಿಚಿತು. ಜೆನೀವಾ ಪೆನ್ನಿನ ಮುಚ್ಚಳ ಹಾಕಿ, ಆಕಾಶ ನೋಡುತ್ತ, "ಗಾಳಿ ಜೋರಾಗಿದೆ ಅಜ್ಜಿ. ನೀವೇನಂದ್ರೋ ನಂಗ್ ಕೇಳಿಸ್ಲಿಲ್ಲ," ಎಂದಳು. ಅಷ್ಟು ನೇರ ಹುಡುಗಿ ಅವನಿಗಾಗಿ ಅಷ್ಟು ಬಾಗಿದಳು.

ವರ್ಲೀಗೆ ಅದು ಅರ್ಥವಾಗಲಿಲ್ಲ. ಈಗಿನ ಹುಡುಗಿಯರ ಕಿವಿಯೇ ಸರಿಯಿಲ್ಲವೆಂದುಕೊಂಡು ಬಾಯಿಗೆ ಎರಡೂ ಕೈ ಅಡ್ಡವಿಟ್ಟು ಕೂಗಿದಳು: "ಕ್ಲೋವರ್ ಬೀಜ, ಮಗಳೇ! ಹೋದ್ ವರ್ಷ! ನಾನೇ ಹಾಕಿದ್ದು!"

ಸ್ಮಶಾನದಲ್ಲಿದ್ದವರೆಲ್ಲ ತಲೆ ಎತ್ತಿದರು. ಅವರಲ್ಲಿ ನಮ್ಮ ಪಾದ್ರಿಯೂ ಇದ್ದರು.

"ಅದೊಂದ್ ತುಂಡು ನೆಲ ಬಿಟ್ಟು ಮಿಕ್ಕಿದ್ದಕ್ಕೆ ಬಿಡುಗಡೆ ಆಗಲ್ವಾ?" ಡೆಲ್ಮರ್ ಮೆಲ್ಲಗೆ ಕೇಳಿದ.

"ನೆಲಕ್ಕಾಗ್ಬಹುದು. ಆದ್ರೆ ಆ ತುಂಡಿನ ನೀರು ಹರಿಯೋದು ನಿಮ್ ಕೊಳಕ್ಕೇ ಅಲ್ವಾ? ಅದಕ್ಕೋಸ್ಕರ ಕೊಳ ಇರ್ಬೇಕು, ದಾರಿ ಇರ್ಬೇಕು. ಅವೆರಡೂ ಇರೋ ತನಕ ಬ್ಯಾಂಕು ನಿಮ್ ಮನೆ ಬಿಡಲ್ಲ."

ಡೆಲ್ಮರ್ ಬೇಲಿಯ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಅತ್ತೆಯ ಕಡೆ ನೋಡಿದ. ಆಕೆ ಹೊಗಳಿಕೆಯ ಮಾತಿಗೆ ಕಾಯುತ್ತಿದ್ದಳು.

"ಚೆನ್ನಾಗ್ ಬಂದಿದೆ ಅತ್ತೆ," ಎಂದ. ಜೆನೀವಾಳ ಕಡೆ ತಿರುಗಿ, "ಬರ್ಕೊಳಮ್ಮ. ನಾಲ್ಕ್ ಜನದ ಮುಂದೆ ನಿನ್ ಕೈಲಿ ಸುಳ್ ಬರೆಸಲ್ಲ," ಎಂದ.

ಸಂಜೆ ವರ್ಲೀ ಬೀನ್ಸ್ ಸಾರಿನ ಪಾತ್ರೆಯನ್ನು ನನ್ನ ಕೈಯಲ್ಲಿ ಹೊರಿಸಿ, ಮೆಕ್ಕೆಜೋಳದ ರೊಟ್ಟಿಯನ್ನು ತಾನು ಹಿಡಿದು ಅವನ ಮನೆಗೆ ಬಂದಳು. ಯಾರೋ ಆಕೆಗೆ ಸುದ್ದಿಯ ಅರ್ಧ ಮಾತ್ರ ಹೇಳಿದ್ದರು.

"ಓನಾ, ಇನ್ನೂ ನಾಲ್ಕ್ ವರ್ಷ ಇಲ್ಲೇ ಇರ್ತೀರಂತಲ್ಲೇ! ನಾನು ದಿನಾ ಪ್ರಾರ್ಥನೆ ಮಾಡ್ತಿದ್ದೆ ಕಣೆ, ಇವ್ರನ್ನ ಬಯಲುಸೀಮೆಗ್ ಕಳಿಸ್ಬೇಡಪ್ಪಾ ಅಂತ."

ಇದೆಲ್ಲ ಆಕೆಯ ಬೀಜದಿಂದಲೇ ಆದದ್ದೆಂದು ಓನಾ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಡೆಲ್ಮರ್ ಬೇಡವೆಂಬಂತೆ ತಲೆಯಾಡಿಸಿದ. ಓನಾ ಮೂಲೆಯಲ್ಲಿ ಹಗ್ಗ ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ, ಕಾಗದ ಸುತ್ತಿದ್ದ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ಎಲ್ಲರಿಗೂ ಬಡಿಸಿದ ಮೇಲೆ ಒಳಕೋಣೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು. "ಆ ಮನೇನ ಬೇರೆಯವ್ರಿಗೆ ಕೊಟ್ಬಿಡೋಕ್ ಹೇಳು," ಎಂದದ್ದು ನಮಗೆ ಕೇಳಿಸಿತು.

ಅಷ್ಟರಲ್ಲಿ ತಗಡಿನ ಮಾಡಿನ ಮೇಲೆ ಹನಿ ಬೀಳತೊಡಗಿತು. ಡೆಲ್ಮರ್ ರೊಟ್ಟಿ ಕೆಳಗಿಟ್ಟು ಬೂಟು ಹುಡುಕಿದ.

"ಊಟ ಮುಗಿಸ್ಕೊಂಡ್ ಹೋಗೋ. ಕೊಳ ಎಲ್ಲಿಗ್ ಓಡ್ಹೋಗುತ್ತೆ?" ಎಂದಳು ವರ್ಲೀ.

"ಎಲ್ಲಿಗೂ ಹೋಗಲ್ಲ ಅತ್ತೆ. ನಾನೂ ಹೋಗಲ್ಲ," ಎಂದು ಅವನು ಸನಿಕೆ ತೆಗೆದುಕೊಂಡ.

ಜೊತೆಗೆ ಬರುತ್ತೇನೆಂದೆ. "ಬೇಡಿ ಮೇಷ್ಟ್ರೇ, ನಿಮ್ ಮೊಣಕಾಲು ನನ್ ಎದೆಗಿಂತ ಕಡೆ," ಎಂದು ನಕ್ಕ. ಓನಾ ಫೋನ್ ಇಟ್ಟು ಬಂದು ಬಾಗಿಲಲ್ಲಿ ನಿಂತಳು. ಅವನು ಮೊದಲ ತಿರುವಿನಲ್ಲೇ ಸನಿಕೆಗೆ ಒರಗಿ ಉಸಿರಿಗೆ ನಿಂತಿದ್ದ. ಮತ್ತೆ ಹೊರಟ. ಎರಡನೆಯ ತಿರುವಿನಲ್ಲಿ ಮತ್ತೆ ನಿಂತ. ಅಲ್ಲಿಂದ ಮೇಲೆ ಮಳೆಯಲ್ಲಿ ನಮಗೆ ಕಾಣಲಿಲ್ಲ.