ಬರ್ತೀನಿ ಅನ್ನಬಾರದ ಮನೆ

ನಮ್ಮ ಕಡೆಯ ಜನ ಯಾರ ಮನೆಯಿಂದಲೂ ಸುಮ್ಮನೆ ಹೊರಡುವುದಿಲ್ಲ. ಹೊಸಿಲಲ್ಲಿ ಒಮ್ಮೆ, ಜಗಲಿಯಲ್ಲಿ ಒಮ್ಮೆ, ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ‘ಬರ್ತೀನಿ’ ಎನ್ನುತ್ತಾರೆ. ಸಾವಾದ ಮನೆಯಲ್ಲಿ ಮಾತ್ರ ಆ ಮಾತು ಆಡಬಾರದು. ಬಂದವರು ಕೂತು, ಕಣ್ಣೊರೆಸಿಕೊಂಡು, ಹೇಳದೆ ಎದ್ದು ಹೋಗಬೇಕು. ಮಾತು ಕಡಿಮೆಯ ನನಗೆ ನಮ್ಮ ಶಾಸ್ತ್ರಗಳಲ್ಲೆಲ್ಲ ಇದೇ ಅತ್ಯಂತ ನಾಗರಿಕವಾದದ್ದೆನಿಸಿತ್ತು.

ಅಪ್ಪ ತೀರಿಕೊಂಡಾಗ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದವರೆಲ್ಲ ಹಾಗೆಯೇ ಎದ್ದು ಹೋದರು. ಅಪ್ಪನ ಅಕ್ಕ, ಹತ್ತಿರದ ಮಧುರೆ ಹಳ್ಳಿಯ ನಮ್ಮ ಸೋದರತ್ತೆ ಮಾತ್ರ ತಿಥಿ ಮುಗಿಸಿ ಹೊರಟವಳು ಹೊಸಿಲಲ್ಲಿ ತಿರುಗಿ ನಿಂತು, “ಬರ್ತೀನಿ ಕಣೇ” ಎಂದಳು.

ಅಮ್ಮ ಗಾಬರಿಯಾದಳು. “ಅಯ್ಯೋ, ಹಂಗನ್ಬಾರ್ದು ಅತ್ತಿಗೆ!”

“ಸಾವು ತಿರ್ಗಾ ಬರ್ಬಾರ್ದು ಅಂತ ತಾನೇ ಶಾಸ್ತ್ರ? ನಾನೇನು ಸಾವೇ? ನಾನು ಬರ್ತೀನಿ.”

ಅಮ್ಮ ಅತ್ತು ಅತ್ತು ಹಗುರಾದಳು. ನಾನು ಅಳಲಿಲ್ಲ, ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಎಂದೆ. ಆದರೆ ತಲೆ ಬಾಚಿಕೊಳ್ಳುವುದು ಬೆಟ್ಟದಂಥ ಕೆಲಸವಾಯಿತು. ಪತ್ರಿಕೆಯ ಒಂದೇ ಸಾಲನ್ನು ಓದಿ ಓದಿ ಮಡಿಸಿಡುತ್ತಿದ್ದೆ. ಪಕ್ಕದ ಮನೆಯ ಮಗ್ಗದ ಸದ್ದು ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರದ ಪುಸ್ತಕದಲ್ಲಿ ಇದೇ ಲಕ್ಷಣಗಳ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದವಳು ನಾನು. ಗೆರೆ ನೇರವಾಗಿತ್ತು, ನಿಜ. ಆ ಲಕ್ಷಣಗಳು ನಮ್ಮ ನಡುಮನೆಗೆ ಬಂದು ಕೂತಾಗ ಗುರುತೇ ಸಿಗಲಿಲ್ಲ.

ಮುಂದಿನ ವಾರ ಅತ್ತೆ ಬಂದಳು. ಅದು ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ಜನವೇ ಇಳಿದು ತಳ್ಳಬೇಕು. ಅತ್ತೆಯ ಮುಖವೆಲ್ಲ ಮಸಿ. ನನ್ನ ಪಕ್ಕ ಕೂತು ಅವರೆಕಾಯಿ ಸುಲಿದಳು, ಏನೂ ಕೇಳಲಿಲ್ಲ. “ಬರ್ತೀನಿ” ಎಂದು ಹೋದಳು, ಮರುವಾರ ಮತ್ತೆ ಬಂದಳು. ಹೀಗೇ ನಡೆಯಿತು. ಒಂದು ದಿನ ಕಾಯಿ ಸುಲಿಯುತ್ತಲೇ, “ಊಟ ಸೇರಲ್ವೇನೇ? ನಂಗೂ ಸೇರಲ್ಲ. ತಲೆ ಬಾಚ್ಕೊಳ್ಳೋಕೂ ಬೇಜಾರು. ಬಸ್ ಹತ್ತಬೇಕಲ್ಲಾ ಅಂತ ಬಾಚ್ಕೋತೀನಿ” ಎಂದಳು.

ನನ್ನ ಕಾಯಿಲೆ ಅವಳ ಬಾಯಲ್ಲಿ ಕೇಳಿ ಮೊದಲ ಸಲ ನಾನು ಅತ್ತುಬಿಟ್ಟೆ. ಮಸಿ ಮೆತ್ತಿದ ಸೆರಗಿನಿಂದಲೇ ಅವಳು ನನ್ನ ಕಣ್ಣೊರೆಸಿದಳು. ಕನ್ನಡಿ ನೋಡಿಕೊಂಡ ಮೇಲೆ ಅಳು ಮುಂದುವರಿಸುವುದು ಸಾಧ್ಯವಾಗಲಿಲ್ಲ.

ಆಮೇಲಿನ ವಾರ ಅವಳು ಬರಲಿಲ್ಲ. ಮಧ್ಯಾಹ್ನದ ಬಸ್ಸು ಬಂತು, ಸಂಜೆಯದೂ ಬಂತು. ಮರುದಿನ ಬೆಳಿಗ್ಗೆ ಎದ್ದು ಗಂಟುಗಂಟಾದ ತಲೆಯನ್ನು ಬಾಚಿಕೊಂಡೆ. ಹೊಸಿಲು ದಾಟುವಾಗ ನನ್ನ ಬಾಯಿಂದ ತಾನಾಗಿ “ಬರ್ತೀನಮ್ಮ” ಎಂದು ಬಂತು. ಅಮ್ಮ ಶಾಸ್ತ್ರದ ಮಾತೆತ್ತಲಿಲ್ಲ. “ಹಿಂದಿನ ಸೀಟಲ್ಲಿ ಕೂತ್ಕೋಬೇಡ, ಮಸಿ” ಎಂದಳು.

ಮಧುರೆಯ ಮನೆಯಲ್ಲಿ ಅತ್ತೆ ಮೂಲೆ ಹಿಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂದಲು ಕೆದರಿತ್ತು. ತಿರುಗಿ ನನ್ನನ್ನು ನೋಡಿ, “ಬಸ್ ತಳ್ದೆಯೇನೇ?” ಎಂದಳು.

“ತಳ್ಳಿದೆ. ಬಾಚಣಿಗೆ ಎಲ್ಲಿ?”

ಎಬ್ಬಿಸಿ ಕೂರಿಸಿ ಸಿಕ್ಕು ಬಿಡಿಸಿದೆ. ತಮ್ಮನನ್ನು ಕಳೆದುಕೊಂಡವಳು ಅವಳು. ಅವಳ ಮನೆಯೂ ಸಾವಿನ ಮನೆಯೇ ಎಂದು ಅದುವರೆಗೆ ನಮಗ್ಯಾರಿಗೂ ಹೊಳೆದಿರಲಿಲ್ಲ. ಸಂಜೆ ಹೊರಡುವಾಗ ಏನೆಂದೆ ಎಂದು ಬೇರೆ ಹೇಳಬೇಕೆ? ಹೊಸಿಲಲ್ಲಿ ಒಮ್ಮೆ, ಜಗಲಿಯಲ್ಲಿ ಒಮ್ಮೆ, ಬೀದಿಯ ತಿರುವಿನಲ್ಲಿ ಇನ್ನೊಮ್ಮೆ ಅಂದೆ.