ಮೊದಲು ಒಳಗೆ ಬರಬೇಕಾದದ್ದು

ಬೆಳಗಿನ ಎಂಟರ ಹೊತ್ತಿಗೆ ಮಸಾನ್ ಕೊಲ್ಲಿಯ ಕಡೆಯಿಂದ ಬಿಸಿಲು ಬಂದು ಅಡುಗೆಮನೆಯ ನೆಲದ ಮೇಲೆ ಬೀಳುತ್ತಿತ್ತು. ಅಲ್ಲಿ ಇಟ್ಟರೆ ಹಳೆಯ ಸಾಮಾನೂ ಒಂದಿಷ್ಟು ಗೆಲುವಾಗಿ ಕಾಣುತ್ತದೆ ಎಂಬುದನ್ನು ಮಾಲ್ಸುಕ್ ಎರಡು ವಾರದಲ್ಲಿ ಕಂಡುಕೊಂಡಿದ್ದಳು. ದಿನಕ್ಕೆ ಮೂರೋ ನಾಲ್ಕೋ ಸಾಮಾನನ್ನು ಆ ಬಿಸಿಲಿಗೆ ಎಳೆದು ತಂದು, ಫೋಟೋ ತೆಗೆದು, ಹಳೆ ಸಾಮಾನು ಮಾರುವ ಆ್ಯಪಿಗೆ ಹಾಕುತ್ತಿದ್ದಳು. ಮಡಚುವ ಊಟದ ಮೇಜು, ಒಂದು ಕಾಲು ಸ್ವಲ್ಪ ಗಿಡ್ಡ. ಫ್ಯಾನು, ಎರಡನೇ ಗುಂಡಿ ಕೆಲಸ ಮಾಡುವುದಿಲ್ಲ. ಗಾಲಿಕುರ್ಚಿ, ಬ್ರೇಕು ಚೆನ್ನಾಗಿದೆ. ಇದ್ದದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದಳು. ಸುಳ್ಳು ಬರೆದರೆ ಕೊಂಡವರು ಮತ್ತೆ ಮೆಸೇಜು ಮಾಡುತ್ತಾರೆ, ಮತ್ತೆ ಉತ್ತರ ಕೊಡಬೇಕು. ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಅವಳಿದ್ದ ಹಳೆಯ ಐದಂತಸ್ತಿನ ಕಟ್ಟಡಗಳನ್ನೆಲ್ಲ ಕೆಡವಿ ಹೊಸದು ಕಟ್ಟುವವರಿದ್ದರು. ತಿಂಗಳ ಕೊನೆಯೊಳಗೆ ಎಲ್ಲರೂ ಖಾಲಿ ಮಾಡಬೇಕಿತ್ತು. ನೂರೆಂಬತ್ತು ಮನೆಯವರು ಒಟ್ಟಿಗೆ ಮಾರಲು ನಿಂತಿದ್ದರಿಂದ, ಆ್ಯಪು ತೆರೆದರೆ ಮುತ್ತಿನ ಚಿಪ್ಪು ಕೂರಿಸಿದ ಕಪ್ಪು ಬೀರುಗಳು ಸಾಲಾಗಿ ಕಾಣುತ್ತಿದ್ದವು. ಒಂದೇ ಕಾಲದಲ್ಲಿ ಮದುವೆಯಾಗಿ ಬಂದ ಹೆಂಗಸರ ಹಾಗೆ. ಮಾಲ್ಸುಕ್‌ಳದು ಹನ್ನೆರಡನೆಯದು. ‘ಪುಕ್ಕಟೆ, ತಾವೇ ಹೊತ್ತುಕೊಂಡು ಹೋಗುವುದು’ ಎಂದು ಬರೆದ ಮೇಲೂ ಅದನ್ನು ಯಾರೂ ಕೇಳಲಿಲ್ಲ.

ಅವಳಿಗೆ ಐವತ್ತೇಳು. ಇಪ್ಪತ್ತೆರಡು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದಿನಕ್ಕೆ ನಾನೂರು ಮಕ್ಕಳಿಗೆ ಅನ್ನ ಬಡಿಸಿದ್ದಳು. ಬಲಗೈ ಈಗ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆ ಕೆಲಸದ ಜೊತೆಗೇ ಒಂಬತ್ತು ವರ್ಷ ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದ್ದಳು. ಅತ್ತೆ ಫೆಬ್ರವರಿಯಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ, ಗಂಡ ಹೋಗಿ ಇಪ್ಪತ್ತಮೂರು ವರ್ಷ. ಮಾರುಕಟ್ಟೆಯ ಆಚೆ, ನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆಯ ಮನೆಯನ್ನು ಅವಳು ಬಾಡಿಗೆಗೆ ಹಿಡಿದಿದ್ದಳು.

ಎಲ್ಲಕ್ಕಿಂತ ಬೇಗ ಮಾರಾಟವಾದದ್ದು, ಮೂವತ್ತು ಸಾವಿರ ವನ್ ಬೆಲೆ ಹಾಕಿದ್ದ ಅನ್ನದ ಕುಕ್ಕರು. ಕೆಂಪು ಬಣ್ಣದ್ದು, ಹತ್ತು ಜನರಿಗೆ ಆಗುವಂಥದ್ದು, ಮಾತಾಡುವಂಥದ್ದು. ‘ಅನ್ನ ಸಿದ್ಧವಾಗಿದೆ, ಚೆನ್ನಾಗಿ ಕೆದಕಿರಿ’ ಎಂದು ಹೆಣ್ಣುದನಿಯಲ್ಲಿ ಹೇಳುತ್ತಿತ್ತು. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಕೇಳಿಸುತ್ತಿದ್ದ ಮಾತು ಅದೊಂದೇ. ಒಂದು ದಿನ ಅದು ಹಾಗೆ ಹೇಳಿದಾಗ ಮಾಲ್ಸುಕ್‌ಗೆ ಮುಚ್ಚಳ ತೆಗೆಯುವ ಮನಸ್ಸೂ ಬರಲಿಲ್ಲ. ಇನ್ನು ಅನ್ನ ಮಾಡುವುದಿಲ್ಲ ಎಂದು ಅಲ್ಲೇ ನಿಂತು ತೀರ್ಮಾನಿಸಿದಳು. ಅಂಗಡಿಯಲ್ಲಿ ಸಿಗುವ ಬೆಂದ ಅನ್ನದ ಡಬ್ಬಿ ಸಾಕು, ಎರಡು ನಿಮಿಷ ಬಿಸಿ ಮಾಡಿದರೆ ಆಯಿತು. ಮರುದಿನ ಬೆಳಿಗ್ಗೆ ಕುಕ್ಕರನ್ನು ಬಿಸಿಲಿಗೆ ಇಟ್ಟಳು.

ಕೊಳ್ಳಲು ಬಂದವನು ಬಸ್ ನಿಲ್ದಾಣದಲ್ಲಿ ಗುಲಾಬಿ ಬಣ್ಣದ ಗಂಟುಬಟ್ಟೆ ಹಿಡಿದು ನಿಂತಿದ್ದ. ಅರವತ್ತು ದಾಟಿದ ಗಟ್ಟಿ ಆಳು. ಅವಳ ಕೈಯಲ್ಲಿದ್ದ ಪೆಟ್ಟಿಗೆಯನ್ನೂ ಅವಳ ಮುಖವನ್ನೂ ನೋಡಿ ಅನುಮಾನದಿಂದ ಕೇಳಿದ.

“ನೀವು... ಕುಕ್ಕರಾ?”

“ಹೂಂ, ಕುಕ್ಕರು. ನೀವು?”

“ನಾನು ಮೂವತ್ತು ಸಾವಿರ ವನ್.”

ಹಾಗೆ ಪರಿಚಯವಾಯಿತು. ಅವನ ಹೆಸರು ದಲ್ಸು. ಹೆಂಡತಿಗೆ ಸೊಂಟದ ಆಪರೇಷನ್ ಆಗಿದೆ, ಶುಕ್ರವಾರ ಮನೆಗೆ ಬರ್ತಾಳೆ, ಆಮೇಲೆ ಮೂರು ತಿಂಗಳು ನಿಲ್ಲೋ ಹಾಗಿಲ್ಲ ಎಂದ. ಮನೆಯಲ್ಲಿದ್ದ ಕುಕ್ಕರಿನ ತಳವನ್ನು ತಾನೇ ಸೀಯಿಸಿ ಹಾಳು ಮಾಡಿದ್ದನಂತೆ.

“ಇದನ್ನ ಉಪಯೋಗಿಸೋಕೆ ಬರುತ್ತಾ ನಿಮಗೆ?” ಮಾಲ್ಸುಕ್ ಕೇಳಿದಳು.

“ಮೂವತ್ತೊಂದು ವರ್ಷ ಬಸ್ ಓಡ್ಸಿದೀನಮ್ಮಾ. ಇದಕ್ಕೆ ಬರೀ ಆರು ಗುಂಡಿ.”

ಅಂದೇ ಸಂಜೆ ಅವನ ಮೆಸೇಜು ಬಂತು. ‘ಗಂಜಿ ಆಗಿದೆ.’ ಮಾಲ್ಸುಕ್ ಉತ್ತರಿಸಿದಳು: ‘ಅಕ್ಕಿ ಮೇಲೆ ಅಂಗೈ ಇಡಿ. ನೀರು ಕೈಯ ಹಿಂಭಾಗವನ್ನ ಅರ್ಧ ಮುಚ್ಚಬೇಕು.’ ಸ್ವಲ್ಪ ಹೊತ್ತಾದ ಮೇಲೆ ಮತ್ತೊಂದು ಬಂತು. ‘ಯಾರ ಕೈ? ನನ್ನ ಕೈ ತುಂಬಾ ದಪ್ಪ.’ ಅವಳಿಗೆ ನಗು ಬರಬೇಕಿತ್ತು. ಬಂದದ್ದು ಆಯಾಸವೇ. ಫೋನನ್ನು ಮಗುಚಿ ಇಟ್ಟಳು.

ಒಂದು ವಾರ ಕಳೆದು, ಮನೆ ಬಿಡುವುದಕ್ಕೆ ಎರಡು ದಿನ ಉಳಿದಿತ್ತು. ಮೇಲಿನ ಮನೆಯ ಹ್ವಾಜಾ ಹುಳಿ ಎಲೆಕೋಸಿನ ಕಿಮ್ಚಿ ದೋಸೆಯ ತಟ್ಟೆ ಹಿಡಿದು ಇಳಿದು ಬಂದಳು. ಎಪ್ಪತ್ತೆರಡರ ಹೆಂಗಸು, ಬಾಗಿಲು ತಟ್ಟುವ ಅಭ್ಯಾಸವಿಲ್ಲದವಳು. ರಟ್ಟಿನ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಕೂತು ಸುತ್ತ ನೋಡಿದಳು.

“ಚೆನ್ನಾಗೇ ಖಾಲಿ ಮಾಡಿದೀಯ ಕಣೇ. ನನ್ನ ಮನೆ ಇನ್ನೂ ಗೋದಾಮು. ಸರಿ, ಮನೆ ಬದಲಿಸೋಕೆ ಪೀಡೆ ಇಲ್ಲದ ಒಳ್ಳೆ ದಿನ ತಾನೇ ನೋಡಿರೋದು?”

“ಹೂಂ ಅಕ್ಕ, ಗುರುವಾರ. ಅವತ್ತು ಲಾರಿಯವರು ಜಾಸ್ತಿ ಕೇಳ್ತಾರೆ.”

“ಕೇಳ್ಲಿ ಬಿಡು. ಕುಕ್ಕರ್ ಬೇರೆಯಾಗಿ ತೆಗೆದಿಟ್ಕೊಂಡಿದೀಯಾ? ಲಾರಿಗೆ ತುಂಬಿಸ್ಬೇಡ, ನಿನ್ ಕೈಯಲ್ಲೇ ಇರ್ಲಿ. ಎಲ್ಲಿ ಅದು?”

ಮಾಲ್ಸುಕ್ ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

“ಮಾರ್ಬಿಟ್ಟೆ.”

“ಏನ್ ಮಾರ್ಬಿಟ್ಟೆ?”

“ಕುಕ್ಕರ್.”

“ಅಯ್ಯೋ ನಿನ್ ತಲೆಗಿಷ್ಟು! ಅನ್ನದ ಕುಕ್ಕರ್ ಮಾರ್ಕೊಂಡು ಹೊಸ ಮನೆಗೆ ಹೋಗೋರುಂಟೇನೇ? ಅನ್ನದ ಬದಲು ಮೊದಲು ಒಳಗೆ ಏನ್ ಇಡ್ತೀಯ, ಈ ರಟ್ಟಿನ ಡಬ್ಬಿನಾ?”

ಅಷ್ಟರಲ್ಲಿ ಹ್ವಾಜಾಳಿಗೂ ಹಳೆಯದೇನೋ ನೆನಪಾಗಿರಬೇಕು. ಆಮೇಲೆ ದನಿ ತಗ್ಗಿಸಿ, “ಮಾರ್ಕೆಟ್ಟಲ್ಲಿ ಒಂದು ಹೊಸದು ತಗೋ. ಆಗುತ್ತೆ ಬಿಡು,” ಎಂದಳು.

ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಮನೆಗೆ ಬಂದ ದಿನ ಮಳೆ ಹನಿಯುತ್ತಿತ್ತು. ಟೀವಿ ನೆನೆದೀತೆಂದು ಗಂಡ ಸಾಂಗ್‌ದೋ ಎಲ್ಲಕ್ಕಿಂತ ಮೊದಲು ಅದನ್ನೇ ಎದೆಗವುಚಿಕೊಂಡು ಒಳಗೆ ಓಡಿದ್ದ. ಅವನ ಹಿಂದೆ ಅನ್ನದ ಪಾತ್ರೆ ಹಿಡಿದು ಬರುತ್ತಿದ್ದ ಅತ್ತೆ ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟಿದ್ದಳು. “ಟೀವಿ ತಿಂದ್ಕೊಂಡು ಬದುಕ್ತೀಯೇನೋ?” ಎಂದು ಬೈದಿದ್ದಳು. ಅವನು ಒದ್ದೆ ತಲೆ ಒರೆಸಿಕೊಳ್ಳುತ್ತಾ ನಕ್ಕಿದ್ದ. ಅದಾದ ಎಂಟನೇ ತಿಂಗಳಲ್ಲಿ, ಹಡಗು ಕಟ್ಟುವ ಕೆಲಸದಲ್ಲಿದ್ದಾಗ, ಅಟ್ಟಣೆಯ ಮೇಲಿಂದ ಬಿದ್ದು ತೀರಿಕೊಂಡ.

ಅತ್ತೆ ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಹಾಸಿಗೆ ಹಿಡಿದ ಒಂಬತ್ತು ವರ್ಷದಲ್ಲೂ ಎತ್ತಲಿಲ್ಲ. ಆದರೆ ಬೇಜಾರು ಕಳೆಯಲೆಂದು ಮಾಲ್ಸುಕ್ ಟೀವಿ ಹಾಕಿದಾಗೆಲ್ಲ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಅನ್ನಕ್ಕಿಂತ ಮೊದಲು ಬೇರೇನೋ ಒಳಗೆ ಬಂದರೆ ಕೇಡು ಎಂಬುದನ್ನು ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ಮಾಲ್ಸುಕ್ ಇಲ್ಲವೆನ್ನುತ್ತಿದ್ದಳು. ಆದರೆ ಆ ಗೋಡೆಯ ಕಡೆಗಿನ ಮುಖವನ್ನು ನೋಡಿದವಳು ಅವಳೊಬ್ಬಳೇ. ಇನ್ನೊಂದು ಹೊಸಿಲನ್ನು ತಪ್ಪಾಗಿ ದಾಟಿ, ಆಮೇಲೆ ಪ್ರತಿ ಮಂಡಿನೋವಿಗೂ ಪ್ರತಿ ಫೋನಿಗೂ ಅದನ್ನೇ ನೆನೆಯುತ್ತಾ ಕೂರಲು ಅವಳಿಂದ ಆಗದು. ಹೊಸ ಕುಕ್ಕರೂ ಆಗದು. ಈ ಮನೆಯವರ ಹೊಟ್ಟೆಯನ್ನು ಒಂದು ಸಲವೂ ತುಂಬಿಸದ ಪಾತ್ರೆ, ಯಾರ ಪರವಾಗಿ ಒಳಗೆ ಬಂದೀತು?

ಹ್ವಾಜಾ ಹೋದ ಮೇಲೆ ಫೋನು ತೆಗೆದಳು. ‘ಕುಕ್ಕರು ವಾಪಸು ಕೊಡುತ್ತೀರಾ’ ಎಂದು ಬರೆದು ಅಳಿಸಿದಳು. ಮಾರಿದ್ದನ್ನು ವಾಪಸು ಕೇಳುವ ಬಾಯಿ ಅವಳದಲ್ಲ, ಅಲ್ಲಿ ಮಲಗಿರುವ ಹೆಂಗಸಿಗೂ ಊಟ ಆಗಬೇಕು. ಮತ್ತೆ ಬರೆದಳು. ‘ಗುರುವಾರ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ಕುಕ್ಕರು ಎರವಲು ಸಿಗುವುದೇ? ಮನೆ ಬದಲಿಸುತ್ತಿದ್ದೇನೆ. ಮರೆತು ಮಾರಿಬಿಟ್ಟೆ.’

ದಲ್ಸು ಮೆಸೇಜು ಮಾಡಲಿಲ್ಲ. ನೇರವಾಗಿ ಫೋನೇ ಮಾಡಿದ.

“ಎಂಥಾ ಹೆಂಗಸಮ್ಮಾ ನೀವು! ನನ್ ಹೆಂಡ್ತಿ ಕೇಳಿ ಹಾಸಿಗೆಯಿಂದ ಏಳೋಕೆ ಹೋದ್ಲು. ವಿಳಾಸ ಕಳ್ಸಿ. ಎಷ್ಟು ಗಂಟೆಗೆ?”

“ಹತ್ತಕ್ಕೆ. ಖಾಲಿ ತಂದ್ರೂ ಸಾಕು ಯಜಮಾನ್ರೇ.”

“ಖಾಲಿ ತಂದ್ರೆ ಇವಳು ನನ್ನ ಒಳಗೆ ಬಿಡಲ್ಲ,” ಎಂದು ಇಟ್ಟುಬಿಟ್ಟ.

ಗುರುವಾರ ಲಾರಿ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೊಸ ಮನೆಯ ಮುಂದೆ ನಿಂತಿತು. ಸಾಮಾನು ಕಡಿಮೆ, ಇಳಿಸುವವರು ಇಬ್ಬರೇ. ಅವರಲ್ಲಿ ದೊಡ್ಡವನು ಫ್ರಿಜ್ಜಿನ ಪಟ್ಟಿ ಬಿಚ್ಚತೊಡಗಿದ. ಮಾಲ್ಸುಕ್ ನಾಲ್ಕು ಮೆಟ್ಟಿಲ ಮೇಲೆ, ತೆರೆದ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಹತ್ತಾಯಿತು. ಹತ್ತೂಕಾಲಾಯಿತು. ದಲ್ಸು ಬರಲಿಲ್ಲ.

“ಅಮ್ಮಾ, ದಾರಿ ಬಿಡಿ. ಹನ್ನೆರಡಕ್ಕೆ ನಮಗೆ ಇನ್ನೊಂದು ಮನೆ ಇದೆ.”

“ಒಂಚೂರು ಇರಪ್ಪಾ.”

ಇನ್ನೊಬ್ಬ ಆಗಲೇ ಟೀವಿಯನ್ನು ಎತ್ತಿಕೊಂಡು ಮೆಟ್ಟಿಲ ಬುಡಕ್ಕೆ ಬಂದಿದ್ದ. ಮೇಲೆ ಹಳೆಯ ಹೊದಿಕೆ ಸುತ್ತಿತ್ತು. ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟದ್ದೇ ಮಾಲ್ಸುಕ್ ಚೀರಿಬಿಟ್ಟಳು.

“ಅಲ್ಲೇ ನಿಲ್ಲೋ! ಅದನ್ನ ಕೆಳಗಿಡು!”

ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಅವನು ಹೆದರಿ ಟೀವಿಯನ್ನು ಎದೆಗೆ ಇನ್ನಷ್ಟು ಅವುಚಿಕೊಂಡ. ಅವಳು ಬಾಗಿಲ ಚೌಕಟ್ಟು ಹಿಡಿದು ಇನ್ನಷ್ಟು ಅಡ್ಡವಾದಳು.

“ಏನಾಯ್ತಮ್ಮಾ? ಯಾರಿಗೆ ಕಾಯ್ತಿದೀರಿ?” ದೊಡ್ಡವನು ಕೇಳಿದ.

“ಅನ್ನಕ್ಕೆ,” ಎಂದಳು.

ಅವನು ಒಂದು ಕ್ಷಣ ನೋಡಿ, ಪಟ್ಟಿಯನ್ನು ಕೈಬಿಟ್ಟ. “ಓ, ಕುಕ್ಕರ್ ಇನ್ನೂ ಬಂದಿಲ್ವಾ! ಮೊದಲೇ ಹೇಳ್ಬಾರ್ದಾ? ಏಯ್, ಟೀವಿ ವಾಪಸ್ ಲಾರಿಗಿಡೋ. ನಮ್ಮವ್ವ ನೋಡಿದ್ರೆ ಚರ್ಮ ಸುಲೀತಿದ್ಲು.” ಇಬ್ಬರೂ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಸಿಗರೇಟು ಹಚ್ಚಿದರು. ಹನ್ನೆರಡರ ಮನೆಯ ಮಾತು ಮತ್ತೆ ಬರಲಿಲ್ಲ.

ದಲ್ಸು ಬಂದಾಗ ಹತ್ತೂವರೆ ದಾಟಿತ್ತು. ಗುಲಾಬಿ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು, ಏರುದಾರಿಯಲ್ಲಿ ಏದುಸಿರು ಬಿಡುತ್ತಾ ನಡೆದೇ ಬಂದ.

“ಮೊದಲನೇ ಸಲದ್ದು ಮತ್ತೆ ಗಂಜಿ ಆಯ್ತು. ಅದನ್ನ ತರೋಕಾಗುತ್ತಾ? ಎರಡನೇ ಸಲ ಇಟ್ಟೆ. ಮೂವತ್ತೊಂದು ವರ್ಷದಲ್ಲಿ ಒಂದಿನ ಲೇಟ್ ಮಾಡಿದೋನಲ್ಲ ನಾನು.” ಮೆಟ್ಟಿಲು ಹತ್ತಲು ಹೋದವನು ನೆನಪಾಗಿ ನಿಂತ. “ನೀವೇ ತಗೊಂಡ್ ಹೋಗ್ಬೇಕು. ಭಾರ ಇದೆ.”

ಮಾಲ್ಸುಕ್ ಕೆಳಗಿಳಿದು ಬಂದು ಗಂಟನ್ನು ಇಸಕೊಂಡಳು. ಬಟ್ಟೆಯೊಳಗಿಂದ ಬಿಸಿ ಅವಳ ಹೊಟ್ಟೆಗೆ ತಾಗಿತು. ಬಲಭುಜ ಚುಳ್ಳೆಂದಿತು. ಇಪ್ಪತ್ತೆರಡು ವರ್ಷ ಇದಕ್ಕಿಂತ ದೊಡ್ಡ ಪಾತ್ರೆಗಳನ್ನು ಎತ್ತಿದ್ದಳು, ಆದರೆ ಯಾವತ್ತೂ ಇಷ್ಟು ನಿಧಾನವಾಗಿ ನಡೆದಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದಳು. ಚಪ್ಪಲಿ ಕಳಚಿ, ಬಲಗಾಲಿಟ್ಟು ಹೊಸಿಲು ದಾಟಿ, ಖಾಲಿ ಕೋಣೆಯ ನಡುವೆ ಅದನ್ನು ಇಳಿಸಿದಳು. ಹೊರಗೆ ಮೂವರು ಗಂಡಸರೂ ನೋಡುತ್ತಿದ್ದರು.

“ಪ್ಲಗ್ ಹಾಕಿ, ಆರಿಹೋಗುತ್ತೆ,” ಎಂದ ದಲ್ಸು ಬಾಗಿಲಿಂದಲೇ.

ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿದಳು. ‘ಅನ್ನವನ್ನು ಬಿಸಿಯಾಗಿ ಇಡಲಾಗುತ್ತಿದೆ,’ ಎಂದಿತು ಆ ಹೆಣ್ಣುದನಿ, ಖಾಲಿ ಗೋಡೆಗಳ ನಡುವೆ ಮೊದಲಿಗಿಂತ ದೊಡ್ಡದಾಗಿ. ಮಾಲ್ಸುಕ್ ಅದರ ಎದುರು ನೆಲದ ಮೇಲೆ ಕೂತಳು. ಏಳಬೇಕೆನ್ನಿಸಲಿಲ್ಲ.

ಸಾಮಾನು ಇಳಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಲಾರಿ ಹೋಯಿತು. ಗಡಿಯಾರ ನೋಡಿಕೊಳ್ಳುತ್ತಿದ್ದ ದಲ್ಸು ಕೊನೆಗೆ ಹೇಳಿದ, “ನನ್ ಹೆಂಡ್ತಿ ಒಂದು ಮಾತು ಹೇಳಿ ಕಳ್ಸಿದಾಳೆ. ಬೇಕಂದ್ರೆ ಇಲ್ಲೇ ಬಿಟ್ ಬಾ ಅಂತ. ನಾವು ಬೇರೆ ನೋಡ್ಕೋತೀವಿ.”

ಮಾಲ್ಸುಕ್ ಕುಕ್ಕರಿನ ಕಡೆ ನೋಡಿದಳು. “ಬೇಡ ಯಜಮಾನ್ರೇ. ಅದು ಹತ್ತು ಜನದ್ದು. ನಾನು ಚಿಕ್ಕದೊಂದು ನೋಡ್ಕೋತೀನಿ. ಅವರಿಗೆ ಮಧ್ಯಾಹ್ನದ ಊಟಕ್ಕೆ ಹೊತ್ತಾಗುತ್ತೆ, ಹೊರಡಿ.”

ಒಂದು ಪೆಟ್ಟಿಗೆ ಒಡೆದು, ಸುತ್ತಿದ್ದ ಪತ್ರಿಕೆ ಬಿಚ್ಚಿ ಬಟ್ಟಲೊಂದನ್ನು ತೆಗೆದಳು. ಅನ್ನವನ್ನು ಬುಡದಿಂದ ಕೆದಕಿ, ಒಂದು ಬಟ್ಟಲು ತುಂಬಿಸಿಕೊಂಡು, ಉಳಿದದ್ದನ್ನು ಕುಕ್ಕರಿನ ಸಮೇತ ಅವನ ಗಂಟಿಗೆ ಕಟ್ಟಿಕೊಟ್ಟಳು. ಅವನು ಇಳಿಜಾರಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದಳು.

ಕುಕ್ಕರು ಇದ್ದ ಕಡೆ ನೆಲದಲ್ಲಿ ಒಂದು ದುಂಡನೆಯ ಬಿಸಿ ಉಳಿದಿತ್ತು. ಅದರ ಪಕ್ಕದಲ್ಲೇ ಕೂತು, ಉಪ್ಪು ಸವರಿ ಹುರಿದ ಕಡಲಪಾಚಿ ಹಾಳೆಯ ಒಂದು ಪೊಟ್ಟಣ ಹುಡುಕಿ ತೆಗೆದು, ಬಟ್ಟಲಿನ ತಳ ಕಾಣುವವರೆಗೆ ಉಂಡಳು. ಫೆಬ್ರವರಿಯಿಂದ ಈಚೆ ಒಂದು ಬಟ್ಟಲು ಪೂರ್ತಿ ಮುಗಿಸಿದ್ದು ಅದೇ ಮೊದಲು. ಆಮೇಲೆ ಫೋನು ತೆಗೆದು ಬರೆದಳು.

‘ಅನ್ನ ಇನ್ನೂ ಸ್ವಲ್ಪ ಮೆತ್ತಗಿದೆ. ನಾಳೆ ಅಂಗೈ ತೆಗೆದ ಮೇಲೆ ಎರಡು ಚಮಚ ನೀರು ಹೊರಗೆ ಚೆಲ್ಲಿ.’